ರಕ್ತ ಕಡಿಮೆಯಾಗದ ಇಲಿಗಳು

ಹೋದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ಮಾನ್ವಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಆಟೋ ಸಿಗದೆ ಬಿಸಿಲಲ್ಲೇ ನಡೆದು ಹೊರಟವಳು ಒಂದು ರೈಸ್ ಮಿಲ್ಲಿನ ಹಿಂಬದಿ ಹಾಯಬೇಕಾಯಿತು. ಅಲ್ಲಿ ಭತ್ತದ ಹೊಟ್ಟು ಆಳೆತ್ತರ ಬಿದ್ದಿತ್ತು. ಧೂಳು ಏಳಬಾರದೆಂದು ಯಾರೋ ನೀರು ಚಿಮುಕಿಸಿದ್ದರು. ತೋಯ್ದ ಹೊಟ್ಟು ಬಿಸಿಲಿಗೆ ಕಾದು ಹುಳಿಹುಳಿ ವಾಸನೆ ಹೊಡೆಯುತ್ತಿತ್ತು. ನಾನು ಸೆರಗನ್ನು ಮೂಗಿಗೆ ಹಿಡಿದೆ. ಅದು ಬರೀ ಹೊಟ್ಟಿನ ವಾಸನೆ, ಮತ್ತೇನಲ್ಲ. ಆದರೆ ನನ್ನ ಮೂಗು ಅದಕ್ಕೆ ಇಲಿ ಉಚ್ಚೆಯ ಘಾಟನ್ನು ತಾನೇ ಬೆರೆಸಿಕೊಂಡಿತು. ಏಳು ವರ್ಷವಾದರೂ ಮರೆಯಲಿಲ್ಲವಲ್ಲ ಈ ಹಾಳು ಮೂಗು ಎಂದು ಸಿಟ್ಟು ಬಂತು.

ಆ ಬೇಸಿಗೆಯ ನೆನಪಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. ಯಾರ ಮೇಲೆ ಎಂಬುದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಿದೆ.

ರಾಯಚೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನಾಗ ಎಂ.ಫಾರ್ಮಾ ಕೊನೆಯ ವರ್ಷದಲ್ಲಿದ್ದೆ. ಕೊನೆಯ ವರ್ಷವೆಂದರೆ ಒಂದು ಪ್ರಯೋಗ ಮಾಡಿ ಪ್ರಬಂಧ ಬರೆಯಬೇಕು. ನನ್ನ ಮಾರ್ಗದರ್ಶಕರು ಶರಣಗೌಡ ಸರ್. ಒಳ್ಳೆಯ ಪಾಠ ಹೇಳುತ್ತಿದ್ದರು, ಆದರೆ ಪ್ರಯೋಗಶಾಲೆಗೆ ಬರುತ್ತಿದ್ದುದು ಕಡಿಮೆ. ನುಗ್ಗೆಸೊಪ್ಪಿನ ಪುಡಿಯಿಂದ ರಕ್ತ ಹೆಚ್ಚಾಗುತ್ತದೆಂದು ಊರೆಲ್ಲ ಹೇಳುತ್ತದೆ, ಡಬ್ಬಿಗಳಲ್ಲಿ ತುಂಬಿ ಮಾರುತ್ತದೆ. ಅದು ನಿಜವೇ ಎಂದು ಬಿಳಿ ಇಲಿಗಳ ಮೇಲೆ ನೋಡೋಣ ಎಂದು ವಿಷಯ ಕೊಟ್ಟರು. ನನಗೂ ಹಿಡಿಸಿತು. ದೇವದುರ್ಗದಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಎರಡು ನುಗ್ಗೆ ಮರಗಳಿದ್ದವು, ಸೊಪ್ಪಿಗೆ ಬರವಿರಲಿಲ್ಲ.

ಅವ್ವ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದಳು. ನಾನು ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು ಇಳಿಸಿಕೊಳ್ಳಬೇಕು. ಆಮೇಲೆ ಫೋನ್ ಬರುತ್ತಿತ್ತು.

"ಇಲಿ ಸೊಪ್ಪು ತಿಂದ್ವೇನು?"

"ಇನ್ನಾ ಇಲ್ಲವ್ವಾ. ಮೊದಲ ಅವಕ್ಕ ರಕ್ತ ಕಡಿಮಿ ಆಗಬೇಕು. ಆಮ್ಯಾಲೆ ಸೊಪ್ಪು."

"ರಕ್ತ ಕಡಿಮಿ ಮಾಡಿ ಆಮ್ಯಾಲೆ ಏರಸ್ತೀರಿ? ಏನ್ ಕೆಲಸಾನೋ ನಿಂದು. ನಾ ಇಲ್ಲಿ ಸೊಪ್ಪು ಬಿಡಿಸಿ ಬಿಡಿಸಿ ಉಗುರು ಹಸರಾಗ್ಯಾವ."

ಅವ್ವ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಪ್ರಯೋಗದ ದಾರಿಯೇ ಹಾಗಿತ್ತು. ಇಪ್ಪತ್ತನಾಲ್ಕು ಎಳೆಯ ಇಲಿಗಳು. ಆರಕ್ಕೆ ಮಾಮೂಲಿ ಆಹಾರ. ಉಳಿದ ಹದಿನೆಂಟಕ್ಕೆ ಕಬ್ಬಿಣದ ಅಂಶ ಇಲ್ಲದ ಬಿಳಿ ಹಿಟ್ಟು. ಐದಾರು ವಾರಗಳಲ್ಲಿ ಅವುಗಳ ರಕ್ತ ತೆಳ್ಳಗಾಗಬೇಕು, ಹಿಮೋಗ್ಲೋಬಿನ್ ಇಳಿಯಬೇಕು. ಆಮೇಲೆ ಆರಕ್ಕೆ ನುಗ್ಗೆಪುಡಿ, ಆರಕ್ಕೆ ಔಷಧದಂಗಡಿಯ ಕಬ್ಬಿಣದ ಲವಣ, ಉಳಿದ ಆರಕ್ಕೆ ಏನೂ ಇಲ್ಲ. ಯಾವುದರ ರಕ್ತ ಎಷ್ಟು ಏರಿತೆಂದು ನೋಡಬೇಕು. ಕಾಗದದ ಮೇಲೆ ಇಷ್ಟು ಸುಲಭ.

ಇಲಿಗಳನ್ನು ಪ್ರಯೋಗಕ್ಕೆ ಬಳಸಲು ಸಮಿತಿಯ ಒಪ್ಪಿಗೆ ಬೇಕು. ಆ ಅರ್ಜಿಯನ್ನು ಮೂರು ಸಲ ಬರೆದೆ. ಚಳಿಗಾಲದಲ್ಲಿ ಬರಬೇಕಿದ್ದ ಇಲಿಗಳು ಹೈದರಾಬಾದಿನಿಂದ ವ್ಯಾನಿನಲ್ಲಿ ಬಂದದ್ದು ಮಾರ್ಚ್ ಕೊನೆಗೆ. ರಾಯಚೂರಿನ ಬೇಸಿಗೆ ಗೊತ್ತಿದ್ದವರು ಯಾರೂ ಆ ತಿಂಗಳಲ್ಲಿ ಪ್ರಯೋಗ ಶುರು ಮಾಡುವುದಿಲ್ಲ. ಬೆಳಿಗ್ಗೆ ಎಂಟಕ್ಕೇ ಗೋಡೆಗಳು ಕಾದಿರುತ್ತವೆ. ಕಾಲೇಜಿನ ಹಿಂದಿದ್ದ ಪ್ರಾಣಿಮನೆ ಎಂಬುದು ಸಿಮೆಂಟಿನ ಒಂದು ಉದ್ದನೆಯ ಕೋಣೆ. ಇದ್ದ ಎಸಿ ಕೆಟ್ಟು ಎರಡು ವರ್ಷವಾಗಿತ್ತು. ಒಂದು ಕೂಲರ್ ಇತ್ತು. ರಾಯಚೂರಿನ ಪಕ್ಕದಲ್ಲೇ ನಾಡಿಗೆಲ್ಲ ಕರೆಂಟು ತಯಾರಾಗುತ್ತದೆ. ನಮ್ಮ ಕೋಣೆಗೆ ಮಾತ್ರ ಮಧ್ಯಾಹ್ನ ಹನ್ನೆರಡಾದರೆ ಕರೆಂಟಿಲ್ಲ. ಕೂಲರ್ ನಿಂತೊಡನೆ ಇಲಿಗಳು ಹೊಟ್ಟೆ ನೆಲಕ್ಕೆ ಹಚ್ಚಿ ನಾಲ್ಕೂ ಕಾಲು ಚಾಚಿ ಮಲಗುತ್ತಿದ್ದವು. ನಾನು ಒದ್ದೆ ಗೋಣಿಚೀಲ ಕಿಟಕಿಗೆ ಕಟ್ಟುವುದು, ಅದು ಒಣಗುವುದು, ಮತ್ತೆ ತೋಯಿಸುವುದು.

ಆ ಕೋಣೆಯ ಆಯಾ ಖಾಸಿಂಬಿ. ನಲವತ್ತೈದರ ಆಸುಪಾಸಿನ ಹೆಂಗಸು, ಮೂಲ ಮಾನ್ವಿಯವಳು. ಅವಳ ಗಂಡ ತೀನ್ ಕಂದೀಲ್ ವೃತ್ತದ ಹತ್ತಿರ ಹಣ್ಣಿನ ಬಂಡಿ ಇಟ್ಟಿದ್ದ. ಇಲಿಗಳ ಕೆಳಗೆ ಹಾಸುವ ಭತ್ತದ ಹೊಟ್ಟು ಅವಳ ಊರಿನ ಮಿಲ್ಲಿನಿಂದಲೇ ಬರುತ್ತಿತ್ತು. ವಾರಕ್ಕೆರಡು ಸಲ ಹಳೆಯ ಹೊಟ್ಟು ತೆಗೆದು, ಪಂಜರ ತಿಕ್ಕಿ ತೊಳೆದು, ಹೊಸದು ಹಾಸುವುದು ಅವಳ ಕೆಲಸ. ಕಾಲೇಜು ಶುರುವಾದಾಗ ಕೊಂಡ ಕಬ್ಬಿಣದ ಪಂಜರಗಳು ಅವು, ಒಂದೊಂದೂ ಮಣಭಾರ. ಎರಡು ತೊಳೆದರೆ ಅವಳು ಏದುಸಿರು ಬಿಡುತ್ತಾ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮೈಗಳ್ಳಿ ಎಂದುಕೊಂಡಿದ್ದೆ ನಾನು. ಅದನ್ನೂ ಇಲ್ಲೇ ಹೇಳಿಬಿಡಬೇಕು.

ನಾನು ಅವಳನ್ನು ಅಕ್ಕ ಎನ್ನುವ ಹಾಗೆ ಆಪಾ ಎನ್ನುತ್ತಿದ್ದೆ. ಅವಳಿಗೆ ನಾನು ರೇಣುಕವ್ವ. ಇಲಿಗಳ ಜೊತೆ ಅವಳು ಮನೆಯ ದಖನಿ ಮಾತಿನಲ್ಲಿ ಮಾತಾಡುತ್ತಿದ್ದಳು, ನನ್ನ ಜೊತೆ ಕನ್ನಡ. ಬಿಳಿ ಹಿಟ್ಟು ತಿನ್ನುವ ಇಲಿಗಳನ್ನು ಕಂಡರೆ ಅವಳಿಗೆ ಮರುಕ.

"ಆ ಕಡಿ ಇಲಿಗಳಿಗೆ ಚೊಲೋ ಊಟ, ಈ ಕಡಿ ಇಲಿಗಳಿಗೆ ಸುಣ್ಣದಂಗ ಹಿಟ್ಟು. ಇವೇನು ಗುನ್ಹಾ ಮಾಡ್ಯಾವು?"

"ಹಂಗ ಮಾಡಬೇಕ್ರಿ ಆಪಾ. ಪ್ರಯೋಗ ಅದು. ನೀವು ಬ್ಯಾರೆ ಏನೂ ಹಾಕಬ್ಯಾಡ್ರಿ ಮತ್ತ."

"ನಾ ಯಾಕ ಹಾಕ್ಲಿ? ನಂಗ ಗೊತ್ತಾಗಂಗಿಲ್ಲೇನು?"

ಹದಿನೈದು ದಿನಕ್ಕೊಮ್ಮೆ ನಾನು ಇಲಿಗಳ ಬಾಲದ ತುದಿಯಿಂದ ರಕ್ತ ತೆಗೆಯುತ್ತಿದ್ದೆ. ಗಾಜಿನ ಪುಟ್ಟ ಕೊಳವೆಯಲ್ಲಿ ಆಮ್ಲಕ್ಕೆ ಆ ರಕ್ತ ಬೆರೆಸಿ, ಮೇಲೆ ಹನಿಹನಿ ನೀರು ಬಿಡುತ್ತಾ, ಅದರ ಕಂದು ಬಣ್ಣ ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೊಂದುವವರೆಗೆ ಕಣ್ಣು ಕಿರಿದು ಮಾಡಿ ನೋಡಬೇಕು. ಎಷ್ಟು ನೀರು ಹಿಡಿಯಿತೋ ಅದರ ಮೇಲೆ ಹಿಮೋಗ್ಲೋಬಿನ್ ಎಷ್ಟೆಂದು ತಿಳಿಯುತ್ತದೆ. ಹಳೆಯ ಪದ್ಧತಿ. ಯಂತ್ರವಿತ್ತು, ಆದರೆ ಕರೆಂಟು ಹೋದರೆ ಅದು ಮೊದಲಿನಿಂದ ಶುರುಮಾಡು ಎನ್ನುತ್ತಿತ್ತು. ನನಗೆ ಈ ಕೊಳವೆಯೇ ಒಗ್ಗಿತು.

ಎರಡು ವಾರ ಕಳೆಯಿತು, ನಾಲ್ಕು ಕಳೆಯಿತು, ಆರೂ ಕಳೆಯಿತು. ಇಲಿಗಳ ರಕ್ತ ಇಳಿಯಲಿಲ್ಲ.

ಇಳಿಯಲಿಲ್ಲ ಎಂದರೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಸುಣ್ಣದಂಥ ಹಿಟ್ಟು ತಿಂದ ಹದಿನೆಂಟೂ ಇಲಿಗಳು ಗುಲಾಬಿ ಕಿವಿ, ಗುಲಾಬಿ ಮೂಗು ಇಟ್ಟುಕೊಂಡು ಪಂಜರದ ಸರಳುಗಳನ್ನು ಕಟಕಟ ಕಡಿಯುತ್ತಾ ನನ್ನನ್ನೇ ನೋಡುತ್ತಿದ್ದವು. ಎರಡು ಸಲ ಅಳೆದೆ, ಮೂರು ಸಲ ಅಳೆದೆ. ಶರಣಗೌಡ ಸರ್ ಬಳಿ ಹೋದರೆ ಅವರು ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲ.

"ನಿನ್ನ ಕೈ ಸರಿ ಇಲ್ಲವ್ವಾ. ಪಿಪೆಟ್ಟು ಹಿಡಿಯೂದು ಇನ್ನಾ ಕಲೀಬೇಕು."

ಜೂನಿಯರ್ ಹುಡುಗಿಯ ಕೈಯಲ್ಲಿ ಅಳೆಯಿಸಿದೆ. ಅದೇ ಉತ್ತರ. ಹಿಟ್ಟು ಕಳಿಸಿದವರಿಗೆ ಫೋನ್ ಮಾಡಿದೆ. "ಮೇಡಂ, ನಮ್ಮ ಹಿಟ್ಟಿನಲ್ಲಿ ಕಬ್ಬಿಣ ಹುಡುಕಿದ್ರೂ ಸಿಗಂಗಿಲ್ಲ" ಎಂದರು. ಆಮ್ಲ ಹೊಸದು ತಂದೆ. ಗಾಜಿನ ಕೊಳವೆ ಹೊಸದು ತಂದೆ. ಕಣ್ಣಿನ ಡಾಕ್ಟರ ಬಳಿಯೂ ಹೋಗಿ ಬಂದೆ. ನಗಬೇಡಿ, ನಿಜವಾಗಿ ಹೋಗಿದ್ದೆ. ನಂಬರ್ ಬದಲಾಗಿಲ್ಲ ಎಂದು ಕಳಿಸಿದರು. ಮೇ ತಿಂಗಳಾಗಿತ್ತು. ಹಾಸ್ಟೆಲಿನ ನಲ್ಲಿಯಲ್ಲಿ ಬೆಳಗಿನ ಏಳಕ್ಕೇ ಬಿಸಿನೀರು. ಅವ್ವನ ಫೋನು: "ಇಲಿ ಸೊಪ್ಪು ತಿಂದ್ವೇನು?" ನಾನು ಇಲ್ಲವೆಂದು ಚೀರಿ ಫೋನಿಟ್ಟೆ. ಮೂರು ಡಬ್ಬಿ ನುಗ್ಗೆಪುಡಿ ಕಪಾಟಿನಲ್ಲಿ ಹಾಗೇ ಕುಳಿತಿತ್ತು. ಜೊತೆಯವರೆಲ್ಲ ಪ್ರಬಂಧದ ಎರಡನೇ ಅಧ್ಯಾಯ ಬರೆಯುತ್ತಿದ್ದರು.

ಅಂಥ ಒಂದು ಮಧ್ಯಾಹ್ನ, ಏಳನೇ ವಾರದಲ್ಲಿ, ಪ್ರಾಣಿಮನೆಯ ನೆಲದ ಮೇಲೆ ಅಕ್ಕಿ ಕಂಡೆ.

ಬಿಳಿ ಹಿಟ್ಟಿನ ಇಲಿಗಳಿದ್ದ ಪಂಜರಗಳ ಬುಡದಲ್ಲೇ, ಹತ್ತಿಪ್ಪತ್ತು ಕಾಳು. ಖಾಸಿಂಬಿ ಸ್ಟೂಲಿನ ಮೇಲೆ ಕುಳಿತಿದ್ದಳು. ನನ್ನನ್ನು ಕಂಡೊಡನೆ ಸೆರಗಿನ ಗಂಟನ್ನು ಮುಚ್ಚಿಕೊಂಡಳು. ಅಷ್ಟು ಸಾಕಾಯಿತು ನನಗೆ.

"ಆಪಾ, ಇದೇನ್ರಿ?"

"ಅಕ್ಕಿಯವ್ವಾ."

"ಅಕ್ಕಿ ಅಂತ ನಂಗೂ ಗೊತ್ತದ. ಇಲ್ಲಿ ಹ್ಯಾಂಗ ಬಂತು? ಸೆರಗಿನ್ಯಾಗ ಏನದ?"

ಅವಳು ಗಂಟು ಬಿಚ್ಚಿದಳು. ಒಂದು ಹಿಡಿ ಹಸಿ ಅಕ್ಕಿ. "ನಾ ತಿನ್ನಾಕತ್ತಿದ್ದೆ. ಕೈಯಾಗಿಂದ ಬಿದ್ದಾವು."

"ಹಸಿ ಅಕ್ಕಿ ತಿಂತೀರಿ ನೀವು?"

"ಹೌ. ರುಚಿ ಹತ್ತೇದ. ಬಿಡಾಕ ಆಗವಲ್ದು." ಅವಳು ನಾಚಿದಂತೆ ನೆಲ ನೋಡಿದಳು. ನನಗೆ ಅದು ಸಿಕ್ಕಿಬಿದ್ದವಳ ಮುಖದಂತೆ ಕಂಡಿತು.

"ಹಸಿ ಅಕ್ಕಿ ಯಾರ್ ತಿಂತಾರ್ರೀ? ಸುಳ್ಳ ಹೇಳಬ್ಯಾಡ್ರಿ. ಇಲಿಗಳ ಮ್ಯಾಲೆ ನಿಮಗ ಕರುಣಾ ಬಂದದ, ಹಾಕಾಕತ್ತೀರಿ. ಎರಡು ತಿಂಗಳಿಂದ ನನ್ನ ಬಾಳೇವು ಹಾಳಾಗಾಕತ್ತದ, ನೀವು ಇಲ್ಲಿ ಕುಂತು ಅಕ್ಕಿ ಹಾಕಾಕತ್ತೀರಿ!"

"ಅಲ್ಲಾ ಕಸಂ, ಒಂದ್ ಕಾಳು ಹಾಕಿಲ್ಲ. ನಾನೇ ತಿಂತೀನಿ, ರೇಣುಕವ್ವಾ. ಮನ್ಯಾಗ ಕೇಳು ಬೇಕಾರ."

ನಾನು ಕೇಳಲಿಲ್ಲ. ಆ ಬಿಸಿಲಲ್ಲೇ ಶರಣಗೌಡ ಸರ್ ಕೋಣೆಗೆ ಹೋಗಿ, ಅಳು ಸಿಟ್ಟು ಎರಡೂ ಬೆರೆತ ದನಿಯಲ್ಲಿ ಹೇಳಿದೆ. ಅವರು ಆಫೀಸಿಗೆ ಒಂದು ಚೀಟಿ ಬರೆದರು. ಮರುದಿನವೇ ಖಾಸಿಂಬಿಯನ್ನು ಪ್ರಾಣಿಮನೆಯಿಂದ ತೆಗೆದು ಮುಖ್ಯ ಕಟ್ಟಡದ ಮೂರೂ ಮಹಡಿ ಗುಡಿಸಿ ಒರೆಸುವ ಕೆಲಸಕ್ಕೆ ಹಾಕಿದರು. ಕಾಲೇಜು ಸಣ್ಣದು. ಸಂಜೆಯ ಹೊತ್ತಿಗೆ ಎಲ್ಲ ಆಯಾಗಳಿಗೂ ಜವಾನರಿಗೂ ಸುದ್ದಿ ಗೊತ್ತಾಗಿತ್ತು. ಸುದ್ದಿ ಹೋಗುತ್ತಾ ಹೋಗುತ್ತಾ ತಿರುಗಿಕೊಂಡಿತು ಕೂಡ: ಖಾಸಿಂಬಿ ಇಲಿಗಳ ಆಹಾರ ಕದ್ದಳಂತೆ. ನಾನು ಅದನ್ನು ಕೇಳಿಯೂ ತಿದ್ದಲಿಲ್ಲ.

ಆಮೇಲೆ ಪಂಜರ ತೊಳೆಯುವ ಕೆಲಸ ನನ್ನದೇ ಆಯಿತು. ಬೇರೆ ಯಾರನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೋಣೆಗೆ ಬೀಗ, ಹಿಟ್ಟಿನ ಡಬ್ಬಿಗೆ ಬೀಗ. ಮೂರು ವಾರ ಒಬ್ಬಳೇ ಎಲ್ಲ ಮಾಡಿದೆ. ಈಗ ಇಳಿಯುತ್ತದೆ, ಈಗ ಇಳಿಯಲೇಬೇಕು ಎಂದುಕೊಂಡು ಮತ್ತೆ ರಕ್ತ ತೆಗೆದೆ.

ಇಳಿದಿರಲಿಲ್ಲ. ಎರಡು ಇಲಿಗಳಲ್ಲಂತೂ ಮೊದಲಿಗಿಂತ ಒಂದು ಗೆರೆ ಮೇಲೇ ಇತ್ತು.

ನಾನು ಕೊಳವೆಯನ್ನು ತೊಟ್ಟಿಗೆ ಎಸೆದು ನೆಲದ ಮೇಲೆ ಕುಳಿತುಬಿಟ್ಟೆ. ಕೂಲರ್ ನಿಂತಿತ್ತು. ಬೆವರು ಒರೆಸಿಕೊಳ್ಳಲು ಕೈ ಎತ್ತಿದೆ. ಅಂಗೈ ಪೂರ್ತಿ ಕೆಂಪಗಿತ್ತು. ಮದರಂಗಿ ಹಚ್ಚಿ ತೊಳೆದ ಮರುದಿನದಂತೆ. ಆಗಷ್ಟೇ ನಾಲ್ಕು ಪಂಜರ ತೊಳೆದಿದ್ದೆ, ಅದರ ತುಕ್ಕು.

ಪಂಜರಗಳ ಕಡೆ ನೋಡಿದೆ. ಹದಿನೆಂಟರಲ್ಲಿ ಆರೇಳು ಇಲಿಗಳು ಸರಳು ಕಡಿಯುತ್ತಿದ್ದವು. ಒಂದು ಕಡಿಯುತ್ತಿರಲಿಲ್ಲ, ನೆಕ್ಕುತ್ತಿತ್ತು. ಮನೆಯಲ್ಲಿ ಮಕ್ಕಳು ಬೆಲ್ಲದ ಅಚ್ಚು ನೆಕ್ಕುವ ಹಾಗೆ. ಎರಡೂವರೆ ತಿಂಗಳಿಂದ ನನ್ನ ತಲೆ ಚಿಟ್ಟು ಹಿಡಿಸಿದ್ದ ಆ ಕಟಕಟ ಸದ್ದು ಏನೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಆಹಾರದಲ್ಲಿ ಕಬ್ಬಿಣವಿಲ್ಲದ ಇಲಿಗಳನ್ನು ಕಬ್ಬಿಣದ ಪಂಜರದಲ್ಲಿ ಕೂರಿಸಿದ್ದೆ. ಕುಡಿಯಲು ಕೊಡುತ್ತಿದ್ದುದು ಬೋರಿನ ನೀರು, ಅದು ಬರುತ್ತಿದ್ದುದು ಛಾವಣಿಯ ಮೇಲಿನ ತುಕ್ಕು ಹಿಡಿದ ತಗಡಿನ ತೊಟ್ಟಿಯಿಂದ. ಇಂಥ ಪ್ರಯೋಗಕ್ಕೆ ಪ್ಲಾಸ್ಟಿಕ್ ಇಲ್ಲವೇ ಸ್ಟೀಲಿನ ಪಂಜರ, ಶುದ್ಧ ಮಾಡಿದ ನೀರು ಬೇಕೆಂದು ನಾನು ಓದಿದ ಎಷ್ಟೋ ಬರಹಗಳಲ್ಲಿತ್ತು. ಓದಿದ್ದೆ. ಹಳದಿ ಪೆನ್ನಿನಿಂದ ಗೆರೆಯನ್ನೂ ಎಳೆದಿದ್ದೆ.

ಮತ್ತೊಂದು ಮಾತು ಕಪಾಳಕ್ಕೆ ಹೊಡೆದಂತೆ ಹೊಳೆಯಿತು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ ಇರುವುದೇ ಅಷ್ಟಕ್ಕಷ್ಟೆ. ಖಾಸಿಂಬಿ ನಿಜವಾಗಿಯೂ ಅಕ್ಕಿ ಹಾಕಿದ್ದರೂ ಇಲಿಗಳ ರಕ್ತ ಹೀಗೆ ನಿಲ್ಲುತ್ತಿರಲಿಲ್ಲ. ಡಿಗ್ರಿ ಓದುವ ಹುಡುಗಿಗೂ ಗೊತ್ತಿರುವ ಸಂಗತಿ. ನಾನು ಸಿಟ್ಟಿನಲ್ಲಿ ಯೋಚಿಸಲೇ ಇಲ್ಲ.

ಶರಣಗೌಡ ಸರ್ ಬಳಿ ಓಡಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಪ್ಲಾಸ್ಟಿಕ್ ಪಂಜರಕ್ಕ ನಾ ಆಫೀಸಿಗೆ ಬರದು ಬರದು ಸಾಕಾಗೇದ."

"ಇದು ನನಗ ಮೊದಲ ಯಾಕ ಹೇಳಲಿಲ್ಲ ಸರ್?"

"ನೀ ಕೇಳಿದ್ಯಾ?"

ಹೊರಗೆ ಬಂದು ಮೆಟ್ಟಿಲು ಹತ್ತಿದೆ, ಖಾಸಿಂಬಿಯನ್ನು ಹುಡುಕುತ್ತಾ.

ಅವಳು ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು. ಕಣ್ಣು ಅರ್ಧ ಮುಚ್ಚಿತ್ತು, ಎದೆ ಏರಿಳಿಯುತ್ತಿತ್ತು, ತುಟಿ ಬೂದಿ ಬಣ್ಣ. ಕೈ ಮಾತ್ರ ಸೆರಗಿನ ಗಂಟಿನಿಂದ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಕಟಕ್, ಕಟಕ್ ಎಂದು ಅಗಿಯುತ್ತಿದ್ದಳು. ಸುತ್ತ ಒಂದೇ ಒಂದು ಇಲಿಯಿರಲಿಲ್ಲ.

"ಆಪಾ?"

"ಎರಡು ಮಿನಿಟ್, ರೇಣುಕವ್ವಾ. ದಮ್ಮ ಹತ್ಯಾದ. ಸಾಹೇಬರಿಗೆ ಹೇಳಬ್ಯಾಡ."

ಪರೀಕ್ಷೆಗೆಂದು ನಾನು ಬಾಯಿಪಾಠ ಮಾಡಿದ್ದ ಪುಟ ಕಣ್ಣ ಮುಂದೆ ಬಂತು. ರಕ್ತಹೀನತೆಯ ಲಕ್ಷಣಗಳು: ಸುಸ್ತು, ಏದುಸಿರು, ಮಣ್ಣು, ಸೀಮೆಸುಣ್ಣ, ಮಂಜುಗಡ್ಡೆ, ಹಸಿ ಅಕ್ಕಿ ತಿನ್ನುವ ಚಪಲ. ಪುಟದ ಯಾವ ಬದಿಯಲ್ಲಿತ್ತು ಎಂಬುದೂ ನೆನಪಿತ್ತು. ನಾನು ಅವಳೆದುರು ಮಂಡಿಯೂರಿ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ ನೋಡಿದೆ. ಕೆಂಪಗಿರಬೇಕಾದ ಕಡೆ ಗೋಡೆಯ ಬಣ್ಣ.

ಎರಡೂವರೆ ತಿಂಗಳು ನಾನು ಇಲಿಗಳ ಕಿವಿಯ ಬಣ್ಣ ನೋಡುತ್ತಾ ಕುಳಿತಿದ್ದ ಕೋಣೆಯಲ್ಲೇ ಈ ಹೆಂಗಸು ಏದುಸಿರು ಬಿಡುತ್ತಾ ಸ್ಟೂಲಿನ ಮೇಲೆ ಕೂರುತ್ತಿದ್ದಳು. ನಾನು ಹುಡುಕುತ್ತಿದ್ದ ರಕ್ತಹೀನತೆ ಪಂಜರದ ಹೊರಗಿತ್ತು.

ಮೆಲ್ಲಗೆ ಇಳಿಸಿಕೊಂಡು ಪ್ರಯೋಗಶಾಲೆಗೆ ಕರೆದೊಯ್ದೆ. "ನಕ್ಕೋ, ಬ್ಯಾಡ, ಸೂಜಿ ಬ್ಯಾಡ" ಎನ್ನುತ್ತಲೇ ಬೆರಳು ಕೊಟ್ಟಳು. ಕೊಳವೆಯಲ್ಲಿ ನಾಲ್ಕಾರು ಹನಿ ನೀರು ಬಿಡುವಷ್ಟರಲ್ಲೇ ಬಣ್ಣ ತೆಳ್ಳಗಾಯಿತು. ಐದೂವರೆ. ಹನ್ನೆರಡಾದರೂ ಇರಬೇಕಾದ್ದು. ನಂಬಲಿಲ್ಲ ನಾನು. ಇನ್ನೊಂದು ಬೆರಳು. ಐದೂವರೆಯೇ. ನನ್ನ ಹದಿನೆಂಟು ಇಲಿಗಳಲ್ಲಿ ಯಾವುದೂ ಅದರ ಎರಡರಷ್ಟಕ್ಕಿಂತ ಕೆಳಗಿರಲಿಲ್ಲ.

ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಶರಣಗೌಡ ಸರ್ ತಮ್ಮ ಸ್ಕೂಟರಿನಲ್ಲಿ ಹಿಂದೆಯೇ ಬಂದರು, ಗೊಣಗುತ್ತಾ. ಅಲ್ಲಿದ್ದ ಡಾಕ್ಟರಮ್ಮ ರೆಪ್ಪೆ ನೋಡಿದವರೇ ಬೈಯಲು ಶುರುಮಾಡಿದರು.

"ತಿಂಗಳದ್ದು ಜಾಸ್ತಿ ಹೋಗ್ತದೇನು?"

ಖಾಸಿಂಬಿ ಸರ್ ಇದ್ದ ಕಡೆ ನೋಡಿದಳು. ಅವರು ಹೊರಗೆ ಹೋದ ಮೇಲೆ ಹೇಳಿದಳು: "ನಾಕ್ ವರ್ಷ ಆತ್ರಿ. ವಯಸ್ಸಿಂದು ಅಂತ ತಿಳದಿದ್ದೆ. ಹದಿನೈದು ದಿನ ನಿಲ್ಲಂಗಿಲ್ಲ."

"ನಾಕ್ ವರ್ಷ! ಯಾರಿಗೂ ಹೇಳಲಿಲ್ಲ?"

"ಯಾರ್ ಕೇಳಿದ್ರು?"

ಅದೇ ದಿನ ಎರಡನೇ ಸಲ ಆ ಮಾತು ಕೇಳಿದೆ. ಸರ್ ಬಾಯಲ್ಲಿ ಅದು ನುಣುಚಿಕೊಳ್ಳುವ ಮಾತಾಗಿತ್ತು, ಇವಳ ಬಾಯಲ್ಲಿ ಅಲ್ಲ.

ಗರ್ಭಕೋಶದಲ್ಲಿ ಗಡ್ಡೆ ಇತ್ತು. ಮೊದಲು ರಕ್ತ ಹಾಕಬೇಕು, ಆಮೇಲೆ ಆಪರೇಷನ್ ಎಂದರು. ನನ್ನ ರಕ್ತ ಕೊಡುತ್ತೇನೆಂದು ಮುಂದೆ ಹೋದೆ. ಬೆರಳು ಚುಚ್ಚಿ ನೋಡಿದ ನರ್ಸು "ನಿಮಗೇ ಕಡಿಮಿ ಅದ್ರೀ ಮೇಡಂ, ಸೊಪ್ಪು ಗಿಪ್ಪು ತಿನ್ರಿ" ಎಂದು ವಾಪಸು ಕಳಿಸಿದಳು. ಕಪಾಟಿನಲ್ಲಿ ಮೂರು ಡಬ್ಬಿ ಸೊಪ್ಪು ಇಟ್ಟುಕೊಂಡವಳು ನಾನು. ಶರಣಗೌಡ ಸರ್ ಅಂಗಿ ತೋಳು ಮಡಚಿ ಮಂಚದ ಮೇಲೆ ಮಲಗಿದರು. ಆ ಮನುಷ್ಯನ ಬಗ್ಗೆ ನನಗಿದ್ದ ಸಿಟ್ಟು ಪೂರಾ ಹೋಗದಿರುವುದೂ, ಪೂರಾ ಉಳಿಯದಿರುವುದೂ ಅದಕ್ಕೇ.

ಪ್ರಯೋಗ ಏನಾಯಿತೆಂದು ಇಲ್ಲೇ ಹೇಳಿ ಮುಗಿಸುತ್ತೇನೆ. ಮೊದಲ ತಂಡದ ಇಲಿಗಳಿಂದ ಏನೂ ಸಿಗಲಿಲ್ಲ. ನಿಯಮದ ಪ್ರಕಾರ ಅವುಗಳನ್ನು ನೋವಾಗದಂತೆ ಮುಗಿಸಬೇಕಾಯಿತು. ಯಾವುದಕ್ಕೂ ಬಾರದೆ ಹೋದ ಇಪ್ಪತ್ತನಾಲ್ಕು ಜೀವ. ಅದರ ಬಗ್ಗೆ ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಮಳೆಗಾಲ ಶುರುವಾದ ಮೇಲೆ ಪ್ಲಾಸ್ಟಿಕ್ ಪಂಜರಗಳು ಬಂದವು, ಹೊಸ ಇಲಿಗಳು ಬಂದವು. ಹೊಟ್ಟಿನ ಬದಲು ಹರಿದ ಬಿಳಿ ಕಾಗದ, ಬೋರಿನ ನೀರಿನ ಬದಲು ಬಟ್ಟಿ ಇಳಿಸಿದ ನೀರು. ಈ ಸಲ ರಕ್ತ ಇಳಿಯಿತು. ನುಗ್ಗೆಪುಡಿ ತಿಂದವು ಚೇತರಿಸಿಕೊಂಡವು, ಆದರೆ ನಿಧಾನವಾಗಿ; ಕಬ್ಬಿಣದ ಲವಣ ತಿಂದವುಗಳಷ್ಟು ಅಲ್ಲ. ಸೊಪ್ಪು ಒಳ್ಳೆಯ ಊಟ, ಆದರೆ ರಕ್ತ ತೀರಾ ಇಳಿದವರಿಗೆ ಅದೊಂದನ್ನೇ ನೆಚ್ಚಬಾರದು ಎಂದು ಬರೆದೆ. ಅವ್ವನಿಗೆ ಈ ಉತ್ತರ ರುಚಿಸಲಿಲ್ಲ. "ರಾಯಚೂರ ಇಲಿಗಳಿಗೆ ಏನ್ ಗೊತ್ತು ನುಗ್ಗಿ ರುಚಿ" ಎಂದಳು. ನನ್ನ ಪ್ರಬಂಧ ಆರು ತಿಂಗಳು ತಡವಾಯಿತು.

ಆದರೆ ಹೇಳಬೇಕಾದ್ದು ಆ ಆರು ತಿಂಗಳ ನಡುವಿನದು. ಆಪರೇಷನ್ ಆಗಿ, ಎರಡು ತಿಂಗಳು ಮನೆಯಲ್ಲಿದ್ದು, ಖಾಸಿಂಬಿ ಕೆಲಸಕ್ಕೆ ಮರಳಿದಳು. ಕೆನ್ನೆಗೆ ಬಣ್ಣ ಬಂದಿತ್ತು. ಪ್ರಾಣಿಮನೆಗೇ ಬನ್ನಿ ಎಂದು ಕರೆಯಲು ನಾನು ಗೇಟಿನ ಬಳಿಯೇ ಕಾದಿದ್ದೆ. ಆಸ್ಪತ್ರೆಯಲ್ಲಿ ನಾಲ್ಕು ಸಲ ಮಾಫಿ ಕೇಳಿದ್ದೆ. ಆಗೆಲ್ಲ ಅವಳು "ಬಿಡವ್ವಾ" ಎಂದಿದ್ದಳು. ಹಾಗಾಗಿ ವಿಷಯ ಮುಗಿಯಿತೆಂದು ತಿಳಿದಿದ್ದೆ.

"ಬರ್ತೀನಿ. ಮೊದಲ ಒಂದ್ ಕಾಗದ ಬರದು ಕೊಡು."

"ಏನ್ ಕಾಗದ ಆಪಾ?"

"ನಾ ಇಲಿ ಅನ್ನ ಕದ್ದಿಲ್ಲ ಅಂತ. ಗೇಟಿನಾವ ಇವತ್ತೂ ಅಂದ, 'ಬಂತು ನೋಡು ದೊಡ್ಡ ಇಲಿ' ಅಂತ. ನೀ ನನಗ ಒಬ್ಬಾಕಿಗೇ ಮಾಫಿ ಕೇಳಿದಿ. ಮಾತ ಹಬ್ಬಿದ್ದು ಎಲ್ಲಾರ ನಡುವ."

ಪ್ರಿನ್ಸಿಪಾಲರಿಗೆ ಪತ್ರ ಟೈಪ್ ಮಾಡಿಕೊಂಡು ಶರಣಗೌಡ ಸರ್ ಸಹಿಗೆ ಹೋದೆ. ಅವರು ಓದಿ ಮೇಜಿನ ಮೇಲಿಟ್ಟರು.

"ಇದು ಬ್ಯಾಡವ್ವಾ. ಪಂಜರದ ತುಕ್ಕು, ನೀರಿನ ತೊಟ್ಟಿ, ಎಲ್ಲಾ ಬರದಿ. ನಾಳೆ ಸಮಿತಿಯವರು ಕೇಳಿದ್ರ ಉತ್ತರ ಯಾರ್ ಕೊಡ್ತಾರ? ಆಕಿಗೆ ಕೆಲಸ ವಾಪಸ್ ಸಿಕ್ಕದ, ಸಾಕಲ್ಲ."

"ಆಕಿ ಹೆಸರು ವಾಪಸ್ ಸಿಕ್ಕಿಲ್ಲ ಸರ್."

"ನಿಂದು ಇನ್ನಾ ವೈವಾ ಆಗಬೇಕು, ತಿಳಕೋ."

ಅದು ಬೆದರಿಕೆಯೋ, ಬುದ್ಧಿಮಾತೋ ಎಂದು ಯೋಚಿಸುತ್ತಾ ಎರಡು ದಿನ ಒದ್ದಾಡಿದೆ. ಡಿಗ್ರಿ ಅವರ ಕೈಯಲ್ಲಿತ್ತು. ಮೂರನೇ ದಿನ ಅವರ ಸಹಿಯಿಲ್ಲದೆಯೇ ಪತ್ರವನ್ನು ಆಫೀಸಿನಲ್ಲಿ ಕೊಟ್ಟು, ಮುದ್ರೆ ಹಾಕಿಸಿದ ಒಂದು ಪ್ರತಿ ತಂದೆ. ಸರ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಮೂರನೇ ಅಧ್ಯಾಯ ಎಲ್ಲಿ ಎಂದು ಕೇಳಿದರು.

ಪ್ರತಿಯನ್ನು ಖಾಸಿಂಬಿಗೆ ಕೊಡಲು ಹೋದೆ. ಚಹದ ಹೊತ್ತು. ಬೇವಿನ ಮರದ ಕೆಳಗೆ ಆಯಾಗಳು, ಜವಾನರು, ಗೇಟಿನವನು ಎಲ್ಲ ಕುಳಿತಿದ್ದರು.

"ನಂಗ ಕನ್ನಡ ಓದಾಕ ಬರಂಗಿಲ್ಲ. ನೀನೇ ಓದು. ಜೋರಾಗಿ."

ನಿಂತು ಓದಿದೆ. "ತಪ್ಪು ತಿಳಿವಳಿಕೆಯಿಂದ ಖಾಸಿಂಬಿ ಅವರ ಮೇಲೆ ಆರೋಪ ಬಂದಿದ್ದು..." ಎಂಬಲ್ಲಿಗೆ ಬಂದಾಗ ಅವಳು ಕೈ ಎತ್ತಿದಳು.

"ತಡಿ. ತಪ್ಪು ತಿಳಿವಳಿಕಿ ಎಲ್ಲಿತ್ತು? ನಾನೇ ತಿಂತೀನಿ ಅಂತ ಬಾಯಿ ಬಿಟ್ಟ ಹೇಳಿದ್ನಲ್ಲ. ಮನ್ಯಾಗ ಕೇಳು ಅಂದ್ನಲ್ಲ. ಆರೋಪ ತಾನಾಗೇ ಬಂತೇನು? ನೀ ಹಾಕಿದಿ. ಹಂಗ ಬರಿ."

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಬಂದೇ ಬಂತು. ಇಷ್ಟೆಲ್ಲ ಮಾಡಿದ್ದೇನೆ, ಡಿಗ್ರಿಯನ್ನೇ ಪಣಕ್ಕಿಟ್ಟಿದ್ದೇನೆ, ಇನ್ನೂ ಒಂದು ಪದಕ್ಕೆ ಜಗ್ಗಾಡುತ್ತಾಳಲ್ಲ ಈಕೆ ಎಂದು. ಕಾಗದ ಮಡಚಿಕೊಂಡು ಬಿರಬಿರ ಕಂಪ್ಯೂಟರ್ ಕೋಣೆಗೆ ಹೋದೆ. ಆ ಸಾಲು ಅಳಿಸಿ ಕುಳಿತೆ. ಅವಳು ಹೇಳಿದ್ದನ್ನೇ ಬರೆಯೋಣ, ನೋಡೋಣ ಎಂದು ಟೈಪ್ ಮಾಡಿದೆ: "ಖಾಸಿಂಬಿ ಅವರು ಅಂದೇ ನಿಜ ಹೇಳಿದ್ದರು. ನಾನು ನಂಬಲಿಲ್ಲ. ಸುಳ್ಳು ಆರೋಪ ಹಾಕಿದವಳು ನಾನು." ಪರದೆಯ ಮೇಲೆ ಮೂರು ಸಣ್ಣ ವಾಕ್ಯ. ಮೊದಲಿನ ಪತ್ರದಲ್ಲಿ ನಾನು ಎಲ್ಲಿ ಅಡಗಿ ಕೂತಿದ್ದೆನೆಂದು ಆಗ ಕಂಡಿತು. ಸಿಟ್ಟು ಇಳಿದು ಹೋಯಿತು.

ಹೊಸ ಕಾಗದಕ್ಕೆ ಮತ್ತೆ ಮುದ್ರೆ ಹಾಕಿಸಿ ತಂದು ಓದಿದೆ. ಚಹ ಮುಗಿದಿದ್ದರೂ ಯಾರೂ ಎದ್ದಿರಲಿಲ್ಲ. ಗೇಟಿನವನು ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದ. ಖಾಸಿಂಬಿ ಕಾಗದವನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟಳು.

"ಇನ್ನ ನಾ ಏನ್ ಹೇಳಿದ್ರೂ ನಂಬತಿಯಾ?"

"ನಂಬತೀನ್ರಿ ಆಪಾ."

"ಹಂಗಾದ್ರ ಕೇಳು. ನಿನ್ನೆನೂ ಇವತ್ತು ಬೆಳಿಗ್ಗೆನೂ ಕಿಟಕಿಯಾಗಿಂದ ನೋಡೀನಿ. ಮ್ಯಾಲಿನ ಸಾಲಿನ್ಯಾಗ ನಾಕನೇ ಡಬ್ಬಿ ಇಲಿ ನಿನ್ನಿಂದ ನೀರ ಕುಡದಿಲ್ಲ."

ಆ ದಿನ ಬೆಳಿಗ್ಗೆ ಎಲ್ಲ ಬಾಟಲಿಗಳನ್ನೂ ನಾನೇ ತುಂಬಿಸಿದ್ದೆ. ನಾಲ್ಕನೆಯದನ್ನೂ ಕೈಯಾರೆ ಸಿಕ್ಕಿಸಿದ್ದೆ. ನಾನು ನೋಡಿದ್ದೇನೆ, ಸರಿಯಾಗಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಪ್ರಾಣಿಮನೆಗೆ ಓಡಿದೆ. ಬಾಟಲಿ ತುಂಬಿಯೇ ಇತ್ತು. ಬೋರಲು ಹಾಕಿ ಕೊಡವಿದೆ, ಬೆರಳಿನಿಂದ ನಳಿಕೆ ಒತ್ತಿದೆ. ಒಂದು ಹನಿಯೂ ಬೀಳಲಿಲ್ಲ. ನಳಿಕೆಯ ಬಾಯಿಗೆ ಕಾಗದದ ಚೂರು ಸಿಕ್ಕಿಕೊಂಡಿತ್ತು. ಪಿನ್ನಿನಿಂದ ತೆಗೆದು ಮತ್ತೆ ಇಟ್ಟೊಡನೆ ಇಲಿ ಎರಡೂ ಮುಂಗಾಲೆತ್ತಿ ನಿಂತು, ಕಣ್ಣು ಮುಚ್ಚಿ, ಬಹಳ ಹೊತ್ತು ಕುಡಿಯಿತು.